ಕಸ್ತೂರೆವ್ವ ಇಳಿಯುವವರೆಗೆ
ಅಚ್ಚಾದ ವೈದ್ಯಕೀಯ ಸಮೀಕ್ಷೆ ಏನು ಹೇಳುತ್ತಿತ್ತೋ ಜನರ ಮೈ ಹಾಗೆಯೇ ನಡೆದುಕೊಳ್ಳುತ್ತಿತ್ತು. ಮೊಣಕಾಲು ನೋವಿನ ಸಮೀಕ್ಷೆಯಲ್ಲಿ ಎರಡು ಕಾಲಂಗಳು ಅದಲುಬದಲಾಗಿ, ತಿಂಗಳಿಂದ ಅಸಲಿ ಗುಳಿಗೆ ಕೆಲಸ ಮಾಡದೆ, ಹೋಲಿಕೆಗೆಂದು ಕೊಡುವ ಬರೀ ಸಕ್ಕರೆ ಗುಳಿಗೆಯೇ ನೋವು ಓಡಿಸುತ್ತಿತ್ತು. ತಿದ್ದುಪಡಿ ಗುಮಾಸ್ತ ಇಂದುಧರ ಅಂಕಿಗಳನ್ನು ಸರಿಪಡಿಸಿ, ಪ್ರಕಟಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದ. ಅಷ್ಟರಲ್ಲಿ ಎದುರಿನ ಚಹಾದಂಗಡಿಯ, ಮೊಣಕಾಲು ನೋವಿನ ಕಸ್ತೂರೆವ್ವ ಚಹಾ ಹಿಡಿದು ಮೂರನೇ ಮಹಡಿಗೆ ಏರಿ ಬಂದಳು.

“ಸಕ್ಕರಿ ಗುಳಿಗಿ ಭಾರಿ ಐತ್ರೀ ಸಾಹೇಬ್ರ! ಒಂದ ಉಸರಿಗೆ ಹತ್ತಿ ಬಂದೆ.”

ಈಗ ಒತ್ತಿದರೆ ಅವಳು ಮೆಟ್ಟಿಲಿಳಿಯಲಾರಳೆಂದು ಇಂದುಧರ ಬೆರಳು ತೆಗೆದ. ಡ್ರಾಯರಿನಿಂದ ಅಸಲಿ ಗುಳಿಗೆ ತೆಗೆದು ಕೊಟ್ಟ.

“ಯವ್ವಾ, ಅದು ಸಾಕು. ಇನ್ನ ಇದನ್ನ ತಗೋ. ಕೆಳಗ ಹೋಗಿ, ಕುಂತು ನುಂಗು.”

ಚಹಾ ಕುಡಿಯುತ್ತ ಕಿಟಕಿಯಲ್ಲಿ ನಿಂತ. ಕಸ್ತೂರೆವ್ವ ಮೆಟ್ಟಿಲಿಳಿದು, ರಸ್ತೆ ದಾಟಿ, ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಗುಳಿಗೆ ನುಂಗಿದಳು.

ಆಗ ಗುಂಡಿ ಒತ್ತಿದ. ಅವಳು ಮೊಣಕಾಲು ಹಿಡಿದುಕೊಳ್ಳದೆಯೇ ಎದ್ದು, ಮತ್ತೆ ಚಹಾಕ್ಕೆ ನೀರಿಟ್ಟಳು.