ಹೊಳೆ ಕೇರಿದ ಮರಳು

ಚೆನ್ನೈ ಕಡೆ ದಡ ಹತ್ತಿದ ಚಂಡಮಾರುತದ ಮಳೆ ಆ ಭಾನುವಾರ ಬೆಳಗಿನ ಜಾವ ಸುಸ್ತಾಗಿ ನಿಂತಿತ್ತು. ಗಾಳಿಯಲ್ಲಿ ಇನ್ನೂ ಚಳಿಯಿತ್ತು. ವರ್ತೂರಿನಾಚೆ ಮೋಡ ಹರಿದು, ಹೊಸ ಬಡಾವಣೆಯ ನೀರಿನ ಟ್ಯಾಂಕುಗಳ ಮೇಲೆ ಎಳೆಬಿಸಿಲು ಅರಿಶಿನ ಹಚ್ಚಿದ ಹಾಗೆ ಕೂತಿತ್ತು. ಸುಬ್ಬಲಕ್ಷ್ಮಮ್ಮ ಬಾಗಿಲಿಗೆ ನೀರು ಹಾಕುತ್ತಿರುವಾಗ, ಮನೆ ಹಿಂದಿನ ಬಾಡಿಗೆ ಕೋಣೆಯ ಮಹಾನಂದಾ ಸೀರೆ ಎತ್ತಿಕಟ್ಟಿಕೊಂಡು ಓಡಿ ಬಂದಳು. ರಾಯಚೂರು ಕಡೆಯವಳು, ಟೆಕ್‌ಪಾರ್ಕಿನ ಕ್ಯಾಂಟೀನಿನಲ್ಲಿ ಕೆಲಸ.

"ಅಮ್ಮಾರ, ಹೊಳ್ಯಾಗ ಉಸುಕು ಬಿದ್ದೈತ್ರಿ. ನಮ್ಮ ಕೃಷ್ಣಾ ಹೊಳಿ ಉಸುಕು ಇದ್ದಂಗ ಐತಿ."

"ಆ ಕರೀ ನೊರೆ ಒಳೇಲಿ ಮರಳಾ? ಇನ್ನೂ ನಿದ್ದೆಗಣ್ಣೇನಮ್ಮಿ ನಿಂಗೆ?"

ಮಹಾನಂದಾ ಮುಷ್ಟಿ ಬಿಚ್ಚಿದಳು. ಕೆಂಪು ಬಿಳುಪು ಬೆರೆತ, ರಾಗಿ ಗಾತ್ರದ ಮರಳ ಕಾಳು. ಸುಬ್ಬಲಕ್ಷ್ಮಮ್ಮ ಎರಡು ಬೆರಳಲ್ಲಿ ತಿಕ್ಕಿ ನೋಡಿ, ಚೊಂಬನ್ನು ಅಲ್ಲೇ ಹೊಸಿಲ ಮೇಲೆ ಬಿಟ್ಟು ಹೊಳೆಯ ಕಡೆ ಹೊರಟರು.

ಅವತ್ತೇ ಗಂಗಮ್ಮನ ಪೂಜೆ. ಕಾರ್ತಿಕದಲ್ಲಿ ಊರ ಹೆಂಗಸರು ಹೊಳೆಯ ಮರಳಲ್ಲಿ ಅಮ್ಮನನ್ನು ತಿದ್ದಿ, ನೀರಂಚಿನಲ್ಲಿ ಕೂರಿಸುತ್ತಾರೆ. ಸಂಜೆಯೊಳಗೆ ನೀರೇ ಬಂದು ಕರಗಿಸಿಕೊಂಡು ಹೋಗಬೇಕು. ಕರಗಿದರೆ ತವರು ಸೇರಿದಳೆಂದು ನಂಬಿಕೆ. ಬೆಂಗಳೂರಿನ ಮೋರಿಗಳೆಲ್ಲ ಈ ಪಿನಾಕಿನಿ ಹೊಳೆಗೆ ತಿರುಗಿ, ಅದರ ತಳ ಮೊಣಕಾಲುದ್ದದ ಕರೀ ಕೆಸರಾದ ಮೇಲೆ, ಯಾವುದೋ ಕಟ್ಟಡಕ್ಕೆ ತಂದ ಕಲ್ಲುಪುಡಿಯ ಎಂ ಸ್ಯಾಂಡೇ ಗತಿಯಾಗಿತ್ತು. ಅದರಲ್ಲಿ ಅಮ್ಮನ ಮೂಗು ನಿಲ್ಲುತ್ತಿರಲಿಲ್ಲ. ಹೋದ ವರ್ಷ ಸುಬ್ಬಲಕ್ಷ್ಮಮ್ಮನ ಮಗ ರಾಜೇಂದ್ರ ಒಳ್ಳೆಯದೇ ಆಗಲೆಂದು ಒಂದು ಹಿಡಿ ಸಿಮೆಂಟು ಕಲಸಿಬಿಟ್ಟ. ಮೂಗೇನೋ ನಿಂತಿತು, ಅಮ್ಮ ಮಾತ್ರ ಕರಗಲಿಲ್ಲ. ಕತ್ತಲಾಗುವ ತನಕ ಹಾಡಿದರೂ ಕಲ್ಲಿನಂತೆ ಕೂತೇ ಇದ್ದಳು. ತವರಿಗೆ ಹೊರಟ ಮಗಳನ್ನು ನಡುದಾರಿಯಲ್ಲಿ ಬಿಟ್ಟು ಬಂದಂಥ ಸಂಕಟ ಸುಬ್ಬಲಕ್ಷ್ಮಮ್ಮನ ಎದೆಯಲ್ಲಿ ವರ್ಷವಿಡೀ ಇತ್ತು. ಈ ಸಲವಾದರೂ ಅವಳನ್ನು ಮನೆ ಮುಟ್ಟಿಸಬೇಕು.

ಹೊಳೆಯ ತಿರುವಿಗೆ ಬಂದು ನೋಡಿದರೆ ಮಹಾನಂದಾ ಹೇಳಿದ್ದು ನಿಜ. ಬಿರುಮಳೆಯ ಪ್ರವಾಹ ಹೊಳೆಯನ್ನು ಮೊರಕ್ಕೆ ಹಾಕಿ ಕೇರಿದಂತಿತ್ತು. ಹಗುರದ ಕೆಸರೆಲ್ಲ ಹೊಟ್ಟಿನ ಹಾಗೆ ಮುಂದಕ್ಕೆ ಹೋಗಿ, ಎಲ್ಲಿಂದಲೋ ಉರುಳಿ ಬಂದ ತೂಕದ ಮರಳು, ನೀರು ಸೋತ ಜಾಗದಲ್ಲಿ ಕಾಳಿನ ಹಾಗೆ ಕೂತಿತ್ತು. ಆದರೆ ರಾಜೇಂದ್ರ ಆಗಲೇ ಅದರ ನಡುವೆ ಸಲಿಕೆ ಹಿಡಿದು ನಿಂತಿದ್ದ. ದಡದ ಮೇಲಿನ ಗೂಡ್ಸ್ ಆಟೋದಲ್ಲಿ ತುಂಬಿದ ಚೀಲಗಳು.

"ಮೇಲ್ಗಡೆ ಬಾಡಿಗೆ ರೂಮುಗಳ ಪ್ಲಾಸ್ಟರಿಂಗ್‌ಗೆ ಕಣಮ್ಮ. ಇಂಥ ಮರಳು ಇನ್ನೆಲ್ಲಿ ಸಿಗ್ತದೆ? ನಿನ್ ಗಂಗಮ್ಮಂಗೆ ಒಂದು ಬಾಂಡ್ಲಿ ಸಾಕಲ್ವಾ?"

"ಸಾಕು. ಸಿಮೆಂಟ್ ತಂದಿಲ್ಲ ತಾನೆ?"

ಹಿಂದೆಯೇ ಬಂದಿದ್ದ ಮಹಾನಂದಾ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಅಣ್ಣಾರ, ಈ ಸಲ ಕಬ್ಬಿಣ ಕಟ್ಟಿ ಸ್ಲ್ಯಾಬೇ ಹಾಕಿಬಿಡ್ರಿ ದೇವಿಗೆ."

"ಸುಮ್ನಿರಕ್ಕ ನೀನೊಬ್ಳು," ಎಂದ ರಾಜೇಂದ್ರ, ಕಿವಿ ಕೆಂಪಗೆ ಮಾಡಿಕೊಂಡು.

"ನಮ್ಮತ್ತೆ ಏಳೋರು," ಸುಬ್ಬಲಕ್ಷ್ಮಮ್ಮ ಮರಳಲ್ಲಿ ಕಾಲು ಮಡಚಿ ಕೂರುತ್ತ ಅಂದರು, "ಒಳೆ ಮರಳು ಎರವಲು ಕಣೆ, ಅಮ್ಮನ್ನ ಮಾಡೋಕೆ ಇಸ್ಕೊ, ಸಂಜೇಗ್ ಕೊಟ್ಬಿಡು ಅಂತ."

"ಅಜ್ಜಿ ಕಾಲದಲ್ಲಿ ಬಾಡಿಗೆ ರೂಮಿದ್ವೇನಮ್ಮ?"

ಸುಬ್ಬಲಕ್ಷ್ಮಮ್ಮ ಒದ್ದೆ ಮರಳನ್ನು ಬೊಗಸೆಯಲ್ಲಿ ತುಂಬಿ ಒತ್ತಿದರು. ಎಷ್ಟೋ ವರ್ಷಗಳಿಂದ ಹೊಳೆಮರಳು ಮುಟ್ಟದ ಬೆರಳುಗಳಿಗೆ ಎಲ್ಲ ನೆನಪಿತ್ತು. ಮಡಿಲು, ಭುಜ, ಕೊನೆಗೆ ಮುಖ. ಮೂಗನ್ನು ಚಿವುಟಿ ಎತ್ತಿ ಕೈಬಿಟ್ಟರು, ಮೂಗು ನಿಂತಿತು. ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಳೆ, ಕಿವಿಯ ಬಿಚ್ಚೋಲೆ, ಕಣಗಿಲೆ ಹೂವು ಇಟ್ಟರು. ತಂಬಿಟ್ಟಿನ ಆರತಿಯಾಯಿತು.

ಹೊತ್ತು ಇಳಿಯುವಾಗ ಮೇಲಿನ ಕೆರೆಯ ಕೋಡಿ ನೀರು ಮೆಲ್ಲಗೆ ಏರಿತು. ಮೊದಲು ಅಮ್ಮನ ಪಾದ ತೊಳೆಯಿತು. ಹಾಡುತ್ತಿದ್ದವರು ಇನ್ನಷ್ಟು ಹತ್ತಿರ ಸರಿದರು. ಮಡಿಲು ಸಡಿಲವಾಯಿತು, ಭುಜ ಇಳಿಯಿತು, ಬಳೆ ಜಾರಿ ನೀರಿಗೆ ಬಿತ್ತು. ಮುಖ ಒಂದು ಗಳಿಗೆ ಬಿಸಿಲಿನಲ್ಲಿ ನಿಂತಿದ್ದು, ತಲೆದೂಗಿದ ಹಾಗೆ ಮುಂದಕ್ಕೆ ಬಾಗಿ, ಹೊಳೆಯಾಯಿತು. ಹೆಂಗಸರು ಚಪ್ಪಾಳೆ ತಟ್ಟಿ ನಕ್ಕರು. ಮಹಾನಂದಾ ಒಬ್ಬಳೇ ತನ್ನೂರಿನ ಪದ ಎತ್ತಿಕೊಂಡಳು.

ದಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ರಾಜೇಂದ್ರ ಸಣ್ಣ ದನಿಯಲ್ಲಿ ಕೇಳಿದ, "ಹೋದ್ಲಾ ಅಮ್ಮ?"

"ಓದ್ಲು ಕಣಪ್ಪ. ತಿರುಗಿ ಕೂಡ ನೋಡ್ಲಿಲ್ಲ." ಸುಬ್ಬಲಕ್ಷ್ಮಮ್ಮ ಕಣ್ಣೊರೆಸಿಕೊಳ್ಳುತ್ತ ಎಳೆ ಹುಡುಗಿಯ ಹಾಗೆ ನಗುತ್ತಿದ್ದರು. "ತವರ ದಾರಿ ನೋಡು, ಅಷ್ಟು ಅವಸರ."

ಎಲ್ಲರೂ ತಂಬಿಟ್ಟು ಮುರಿದು ಹಂಚಿಕೊಳ್ಳುತ್ತಿರುವಾಗ ರಾಜೇಂದ್ರ ಎದ್ದು ಆಟೋ ಕಡೆ ಹೋದ. ಸ್ಟಾರ್ಟ್ ಮಾಡುವ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನ ಮೇಲೆ ಚೀಲ ಹೊತ್ತು ನೀರಿಗಿಳಿದು, ಅದರ ಬಾಯಿ ಬಿಚ್ಚಿ, ಮರಳನ್ನು ಸೊರಸೊರ ಸುರಿದ. ಮತ್ತೆ ಹೋದ, ಮತ್ತೆ ಬಂದ. ಯಾರನ್ನೂ ಕೈಜೋಡಿಸಲು ಕರೆಯಲಿಲ್ಲ. ಮಹಾನಂದಾ ಏನೋ ಹೇಳಲು ಹೊರಟಾಗ ಸುಬ್ಬಲಕ್ಷ್ಮಮ್ಮ ಅವಳ ಕೈಗೆ ಇನ್ನೊಂದು ಚೂರು ತಂಬಿಟ್ಟು ಇಟ್ಟು ಸುಮ್ಮನಾಗಿಸಿದರು.

ರಾಜೇಂದ್ರ ಸೊಂಟದ ತನಕ ನೀರಲ್ಲಿ ನಿಂತು, ಕೊನೆಯ ಚೀಲವನ್ನು ಒಳಗಿನದು ಹೊರಗೆ ತಿರುವಿ, ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಕಾಳುಗಳನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಹೊಳೆಗೆ ಹಾಕುತ್ತಿದ್ದ.