ನಾಲ್ಕು ಬೆರಳು ಅಗಲ

"ನಿಲ್ಸು, ನಿಲ್ಸು," ಎಂದು ಮೇಸ್ತ್ರಿ ಕೈ ಅಡ್ಡ ಹಿಡಿದ. ಸ್ಟೀರಿಂಗ್ ಹಿಂದಿದ್ದ ಹೆಂಡತಿ ಬ್ರೇಕ್ ಒತ್ತಿದಳು. ಅವನು ಎಡಕ್ಕೆ ಬಗ್ಗಿ ನೋಡಿದ, ಬಲಕ್ಕೆ ಬಗ್ಗಿ ನೋಡಿದ. ಹೊರಗೆ ಹೊರಟಿದ್ದ ಕಾರು ಶೆಡ್ಡಿನ ಬಾಗಿಲಿಗಿಂತ ನಾಲ್ಕು ಬೆರಳು ಅಗಲವಾಗಿತ್ತು.

ಶೆಡ್ಡು ಕಟ್ಟಿದವನು ಅವನೇ. ಮಾವನ ಹಳೇ ಕಾರು ಆಗ ಮಡ್ಗಾರ್ಡು ಕಳಚಿಕೊಂಡು ಬರೀ ಎಲುಬಿನ ಗೂಡಾಗಿ ನಿಂತಿತ್ತು. ಗುಜರಿಯವನೂ ಮೂಗು ಮುರಿಯುವ ಈ ಮಾಲು ಮತ್ತೆ ರಸ್ತೆ ಕಾಣುವುದುಂಟೇ ಎಂದುಕೊಂಡು, ಆ ಗೂಡಿನ ಅಳತೆಗೇ ಬಾಗಿಲು ಬಿಟ್ಟಿದ್ದ. ವಾರವಿಡೀ ಹೊಲಿಗೆ ಯಂತ್ರ ರಿಪೇರಿ ಮಾಡುವ ಹೆಂಡತಿ ಮಾತ್ರ ಭಾನುವಾರ ಬಂತೆಂದರೆ ಶೆಡ್ಡು ಸೇರಿ ಅದಕ್ಕೆ ಜೀವ ತುಂಬುತ್ತ ಹೋದಳು.

ಈಗ ಅವಳು ಇಳಿದು ಬಂದು ನೋಡಿದಳು. ಬೈಯಲಿಲ್ಲ, ಸ್ಪ್ಯಾನರ್ ಎತ್ತಿಕೊಂಡಳು. "ಹೋಗ್ಲಿ ಬಿಡ್ರೀ. ಮಡ್ಗಾರ್ಡ್ ಬಿಚ್ಚಿ, ಹೊರಗೆ ಹೋದ್ಮೇಲೆ ಹಾಕಿದ್ರಾಯ್ತು. ನೀವು ಕಟ್ಟಿದ ಗೋಡೆ ಯಾಕೆ ಒಡೀಬೇಕು?"

ತಾನು ಎಬ್ಬಿಸಿದ ಗೋಡೆಗೆ ಮೇಸ್ತ್ರಿ ಇವತ್ತಿನವರೆಗೆ ಹಾರೆ ತಾಗಿಸಿದವನಲ್ಲ. ಅವನು ಮಡ್ಗಾರ್ಡಿನ ಮೇಲೆ ಅಂಗೈ ಆಡಿಸಿದ, ಗಾರೆಯ ನುಣುಪು ನೋಡುವಾಗ ಆಡಿಸುವ ಹಾಗೆಯೇ, ಕಣ್ಣು ಮುಚ್ಚಿಕೊಂಡು. ತುಕ್ಕು ತಿಂದು ತೂತು ಬಿದ್ದಿದ್ದ ಜಾಗಗಳು ಅವನಿಗೆ ಚೆನ್ನಾಗಿ ನೆನಪಿದ್ದವು. ಕೈಗೆ ಒಂದೂ ಸಿಗಲಿಲ್ಲ.

"ಸ್ಪ್ಯಾನರ್ ಕೆಳಗಿಡು," ಎಂದ. "ಗೋಡೆ ಇನ್ನೊಂದು ಕಟ್ತೀನಿ. ಈ ಮಡ್ಗಾರ್ಡು ನನ್ನ ಕೈಲಿ ಆಗೋ ಕೆಲಸ ಅಲ್ಲ."

ಮೊದಲ ಸವಾರಿಗೆಂದು ಹಾಕಿಕೊಂಡಿದ್ದ ಇಸ್ತ್ರಿ ಅಂಗಿಯನ್ನು ಬಿಚ್ಚಿ, ಧೂಳು ಬೀಳದಂತೆ ಮಡ್ಗಾರ್ಡಿಗೆ ಹೊದಿಸಿ, ಮೇಸ್ತ್ರಿ ಹಾರೆ ಎತ್ತಿಕೊಂಡ.