ಬಿಚ್ಚದ ಪ್ರೋಟೀನು

ಪರದೆಯ ಮೇಲೆ ಮೂಡಿದ ಗೆರೆಗಳನ್ನು ಕಂಡು ಸಂಶೋಧಕಿಗೆ ಕೂತಲ್ಲೇ ಮೈ ಉರಿಯಿತು. ಗೆರೆಗಳು ಅವಳ ಪ್ರಯೋಗದ ನಕ್ಷೆಯವೇ. ವೇದಿಕೆಯಿಂದ ಹೇಳುತ್ತಿದ್ದ ಅರ್ಥ ಮಾತ್ರ ತಲೆಕೆಳಗು.

ವೇದಿಕೆಯ ಮೇಲಿದ್ದವರು ಅವಳ ಪ್ರಯೋಗಾಲಯದ ಮುಖ್ಯಸ್ಥರು. ಯಾರು ಏನೇ ಕಂಡುಹಿಡಿಯಲಿ, ನಾನು ಆಗಲೇ ಹೇಳಿದ್ದೆ ಅನ್ನುವ ದೊಡ್ಡಮನುಷ್ಯ. ಅವಳು ಕೆಲಸ ಮಾಡುತ್ತಿದ್ದುದು ಗಂಟಲುನೋವು ತರುವ ಬ್ಯಾಕ್ಟೀರಿಯಾದ ಮೇಲೆ. ಅದು ತನ್ನ ಮೈಮೇಲಿನ ಕೂದಲೆಳೆಯಂಥ ಪ್ರೋಟೀನುಗಳಿಂದ ಗಂಟಲಿಗೆ ಅಂಟಿಕೊಳ್ಳುತ್ತದೆ. ಕೆಮ್ಮಿದರೂ ಕ್ಯಾಕರಿಸಿದರೂ ಎಳೆ ಹರಿಯುವುದಿಲ್ಲ. ಯಾಕೆಂದು ತಿಳಿಯಲು ಅವಳು ಸೂಜಿಮೊನೆಯ ಯಂತ್ರದಲ್ಲಿ ಒಂದೊಂದೇ ಪ್ರೋಟೀನನ್ನು ಹಿಡಿದು ಎಳೆದಳು. ಬೇರೆಯವು ನೂಲಿನುಂಡೆಯ ಹಾಗೆ ಬಿಚ್ಚಿಕೊಂಡವು. ಇದು ಜಪ್ಪಯ್ಯ ಅನ್ನಲಿಲ್ಲ. ಒಳಗಿನ ಮಡಿಕೆಗಳನ್ನು ಅಡ್ಡಲಾಗಿ ಬೆಸೆದ ಒಂದೇ ಒಂದು ರಾಸಾಯನಿಕ ಬಂಧ ಅದನ್ನು ಬಿಗಿದು ಹಿಡಿದಿತ್ತು.

ಮುಖ್ಯಸ್ಥರು ಒಪ್ಪಲಿಲ್ಲ. ಎಳೆದರೆ ಯಾವ ಪ್ರೋಟೀನೂ ಬಿಚ್ಚಲೇಬೇಕೆಂದು ದಪ್ಪ ಪುಸ್ತಕ ಬರೆದವರು ಅವರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಯಂತ್ರ ಕೆಟ್ಟಿದೆ ಅಂದರು. ಅವಳು ಆ ಬಂಧ ಕೂಡದಂತೆ ಒಂದು ಅಮೈನೋ ಆಮ್ಲವನ್ನು ಬದಲಿಸಿ ಮತ್ತೆ ಎಳೆದಳು. ಈಗ ಪ್ರೋಟೀನು ಸಲೀಸಾಗಿ ಬಿಚ್ಚಿಕೊಂಡಿತು. ಬಲವೆಲ್ಲ ಬಂಧದ್ದೇ ಎಂಬುದಕ್ಕೆ ಇನ್ನೇನು ಬೇಕು? ಮಹಾನುಭಾವರು ಆ ಬಿಚ್ಚಿದ ಗೆರೆಗಳನ್ನಷ್ಟೇ ಎತ್ತಿಕೊಂಡು ಬಂದು, ಹೊರಗಿನ ಪಂಡಿತರೆದುರು ತಮ್ಮ ಪುಸ್ತಕಕ್ಕೆ ಸಾಕ್ಷಿ ಮಾಡಿ ನಿಲ್ಲಿಸಿದ್ದರು.

ಅವಳ ಕೆಲಸ ಉಳಿಯುವುದೂ ಹೋಗುವುದೂ ಅವರ ಕೈಯಲ್ಲಿತ್ತು. ಆದರೂ ಎದ್ದು ನಿಂತಳು.

"ಸರ್, ಅದು ನಾವೇ ಬಂಧ ತೆಗೆದ ಪ್ರೋಟೀನು. ಬ್ಯಾಕ್ಟೀರಿಯಾದ ಮೈಮೇಲಿರೋದು ಎಷ್ಟು ಎಳೆದ್ರೂ ಬಿಚ್ಚಲ್ಲ."

ಮುಂದಿನ ಸಾಲಿನಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ಕನ್ನಡಕ ಏರಿಸಿಕೊಂಡು, ಹಾಗಾದರೆ ಬಿಚ್ಚದ ಪ್ರೋಟೀನಿನ ಗೆರೆ ಎಲ್ಲಿ, ತೋರಿಸಿ ಅಂದರು. ಮುಖ್ಯಸ್ಥರು ಒಂದು ಗಳಿಗೆ ಇಂಗು ತಿಂದ ಮಂಗನಂತಾದರು. ಮರುಗಳಿಗೆಯೇ ಮುಖಕ್ಕೆ ವಾತ್ಸಲ್ಯ ಬಳಿದುಕೊಂಡರು.

"ನಾನು ಆಗ್ಲೇ ಹೇಳಿದ್ದೆ ಇವಳಿಗೆ, ಅಂಥ ಫಲಿತಾಂಶಾನ ಒಂದು ಕಡೆ ಜೋಪಾನವಾಗಿ ಇಡಮ್ಮ ಅಂತ."

"ಹೌದು ಸರ್, ಹೇಳಿದ್ರಿ," ಅಂದಳು ಅವಳು. "ಕಸದ ಬುಟ್ಟೀಲಿ ಇಡು ಅಂದಿದ್ರಿ."

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುಖ್ಯಸ್ಥರು, ಮಾತು ಬಿದ್ದದ್ದು ಬೇರೆ ಯಾರ ಮೇಲೋ ಎಂಬಂತೆ.